ಕೊರೆವ ಚಳಿಯ ರಾತ್ರಿ ಸಸಿಗಳ ಪಕ್ಕದಲ್ಲಿ ನೀರಿಡಿ

ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯುವ ರಾತ್ರಿಗಳಲ್ಲಿ ಎಳೆಯ ಸಸಿಗಳನ್ನು ಮುಚ್ಚಿದ ಕೊಠಡಿಯಲ್ಲಿ ಇರಿಸುವವರು, ಅವುಗಳ ಪಕ್ಕದಲ್ಲೇ ಅಗಲ ಬಾಯಿಯ ತೊಟ್ಟಿಗಳಲ್ಲಿ ನೀರು ತುಂಬಿಸಿಡಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಒಂದು ಕಿಲೋಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 334 ಕಿಲೋಜೂಲ್ ಶಾಖವನ್ನು ಸುತ್ತಲಿಗೆ ಬಿಟ್ಟುಕೊಡುತ್ತದೆ. ಅಷ್ಟೇ ನೀರು 80 ಡಿಗ್ರಿಯಿಂದ ಸೊನ್ನೆಗೆ ತಣಿಯುವಾಗ ಹೊರಬರುವ ಶಾಖಕ್ಕೆ ಇದು ಹೆಚ್ಚುಕಡಿಮೆ ಸಮ. ತೊಟ್ಟಿಯ ಅಂಚಿನಿಂದ ಸೂಜಿಯಂತಹ ಮಂಜುಗಡ್ಡೆಯ ಎಳೆಗಳು ಒಳಮುಖವಾಗಿ ಚಾಚಿಕೊಳ್ಳುವುದನ್ನು ಕಂಡು ಗಾಬರಿಯಾಗಬೇಡಿ, ಆ ಶಾಖ ಬಿಡುಗಡೆಯಾಗುವುದು ಆಗಲೇ. ಸಸ್ಯರಸದಲ್ಲಿ ಸಕ್ಕರೆ, ಲವಣಗಳು ಕರಗಿರುವುದರಿಂದ ಅದು ಶುದ್ಧ ನೀರಿಗಿಂತ ತುಸು ಕಡಿಮೆ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಈ ಸಣ್ಣ ಅಂತರವೇ ಸಸಿಗೆ ನೆರವಾಗುತ್ತದೆ. ಆದರೆ ಒಣಗಾಳಿ ಬೀಸುತ್ತಿರುವಾಗ ಎಲೆಗಳ ಮೇಲೆ ನೀರು ಚಿಮುಕಿಸಲೇಬಾರದು, ಏಕೆಂದರೆ ನೀರು ಹೆಪ್ಪುಗಟ್ಟುವಾಗ ಕೊಡುವ ಶಾಖದ ಏಳು ಪಟ್ಟಿಗೂ ಹೆಚ್ಚನ್ನು ಆವಿಯಾಗುವಾಗ ಹೀರಿಕೊಂಡು ಎಲೆಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ.