ಸಂಜೆ ಐದೂವರೆಯ ಗಂಜಿ: ಕುಡಿತ ಬಿಡುವವರಿಗೆ ಮನೆಯಲ್ಲಿ ಹೇಗೆ ಊಟ ಹಾಕಬೇಕು?

ಅಣ್ಣ ಕುಡಿತ ಬಿಟ್ಟು ಅವತ್ತಿಗೆ ಹನ್ನೆರಡು ದಿನ. ಅಂಕೋಲೆಯ ನಮ್ಮ ಮನೆಯಲ್ಲಿ ಸಂಜೆ ಐದೂವರೆ ಹೊತ್ತು. ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದ. "ಎಂತದೋ ಒಂಥರಾ ಆಗ್ತದೆ ತಂಗಿ, ಪೇಟೆಗೆ ಹೋಗಿ ಬರ್ತೆ" ಅಂದ. ಪೇಟೆಗೆ ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ವಾದ ಮಾಡಲಿಲ್ಲ. ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ತಂದುಕೊಟ್ಟರು. ಮೇಲೆ ಚಮಚ ತುಪ್ಪ, ಪಕ್ಕದಲ್ಲಿ ಹುರಿದ ಬಂಗುಡೆಯ ತುಂಡು. ಅಣ್ಣ ನಿಂತಲ್ಲೇ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಕೈ ನಡುಗಿ ಗಂಜಿಯ ತಿಳಿ ಅಂಗಿಯ ಮೇಲೆ ಚೆಲ್ಲಿತು. ಇನ್ನೊಂದು ಬಟ್ಟಲು ಕೇಳಿದ. ಆಮೇಲೆ ಚಪ್ಪಲಿ ಬಿಟ್ಟು ಜಗಲಿ ಮೇಲೆ ಕೂತ.

ಅವನನ್ನು ಪೇಟೆಗೆ ಎಳೆಯುತ್ತಿದ್ದದ್ದರಲ್ಲಿ ಅರ್ಧಪಾಲು ಹಸಿವು. ವರ್ಷಗಟ್ಟಲೆ ಆ ಹೊತ್ತಿನ ಹಸಿವಿಗೆ ಹೆಂಡವನ್ನೇ ಕೊಟ್ಟಿದ್ದರಿಂದ, ಹಸಿವು ಯಾವುದು, ಚಟ ಯಾವುದು ಅಂತ ಅವನ ಮೈಗೇ ಗೊತ್ತಾಗುತ್ತಿರಲಿಲ್ಲ. ಇದು ನಮಗೆ ತಿಳಿಯಲಿಕ್ಕೆ ಎರಡು ವರ್ಷ ಹಿಡಿಯಿತು. ನಿಮಗೆ ಅಷ್ಟು ತಡ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಊಟ ಒಂದೇ ಚಟ ಬಿಡಿಸುವುದಿಲ್ಲ. ಆದರೆ ಊಟ ಸರಿ ಇಲ್ಲದಿದ್ದರೆ ಔಷಧ, ಆಪ್ತ ಸಲಹೆ, ದೇವರ ಮುಂದಿನ ಆಣೆ ಎಲ್ಲವೂ ಸಂಜೆ ಹೊತ್ತಿಗೆ ಸಡಿಲಾಗುತ್ತವೆ.

1. ಊಟಕ್ಕಿಂತ ಮೊದಲು ಡಾಕ್ಟರು

ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಂದೇ ಸಲಕ್ಕೆ ನಿಲ್ಲಿಸಬಾರದು. ನಮ್ಮ ಮನೆಯಲ್ಲಿ ಮೊದಲ ಸಲ ಆದ ತಪ್ಪು ಇದೇ. ಚೌತಿಗೆ ಬಿಡುತ್ತೇನೆ ಅಂತ ಬಿಟ್ಟ. ನಾವೂ ಖುಷಿಪಟ್ಟೆವು. ಎರಡನೆಯ ರಾತ್ರಿ ಫಿಟ್ಸ್ ಬಂತು.

ಕೊನೆಯ ಗುಟುಕಾಗಿ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡು–ಮೂರನೆಯ ದಿನ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಮಾತು ತಪ್ಪುತ್ತದೆ, ಜ್ವರ ಬರುತ್ತದೆ. ಇದರಲ್ಲಿ ಜೀವ ಹೋಗುವುದೂ ಉಂಟು. ಹಾಗಾಗಿ ನಿಲ್ಲಿಸುವ ಮೊದಲೇ ತೋರಿಸಿ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ಎಲ್ಲಿಗೆ ಹೋಗುವುದು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಸ್ಪತ್ರೆಯಲ್ಲಿ ಒಂದು ಮಾತು ತಪ್ಪದೆ ಹೇಳಿ: "ಇವರು ದಿನಾ ಕುಡಿಯುವವರು, ಊಟ ಸರಿಯಾಗಿ ಮಾಡಿಲ್ಲ." ಇಂಥವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಆ ಸ್ಥಿತಿಯಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಅದಕ್ಕೇ ಡಾಕ್ಟರು ಬಿ1 ಇಂಜೆಕ್ಷನ್ ಮೊದಲು ಕೊಡುತ್ತಾರೆ. ಕಣ್ಣು ಮಾಲುವುದು, ನಡೆಯುವಾಗ ಜೋಲಿ ಹೊಡೆಯುವುದು, ಗಲಿಬಿಲಿ ಕಂಡರೆ "ಇನ್ನೂ ನಶೆ ಇಳಿದಿಲ್ಲ" ಅಂತ ಸುಮ್ನೆ ಮಲಗಿಸಬೇಡಿ. ಆಗಲೇ ಕರೆದುಕೊಂಡು ಹೋಗಿ.

2. ಮೊದಲ ವಾರ: ಸ್ವಲ್ಪ ಸ್ವಲ್ಪ, ಆಗಾಗ

ಪಾಪ, ಸೊರಗಿದ್ದಾನೆ ಅಂತ ಮೊದಲ ದಿನವೇ ಹೋಳಿಗೆ ಊಟ ಹಾಕಬೇಡಿ. ವಾರಗಟ್ಟಲೆ ಉಪವಾಸವಿದ್ದ ಮೈಗೆ ಒಮ್ಮೆಲೇ ಊಟ ಜಾಸ್ತಿಯಾದರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೆ ತೊಂದರೆಯಾಗುತ್ತದೆ. ತೀರಾ ಬಡಕಲಾದವರಿಗೆ ಎಷ್ಟು ಹಾಕಬೇಕು ಅಂತ ಡಾಕ್ಟರನ್ನೇ ಕೇಳಿ. ಉಳಿದವರಿಗೆ ಎರಡು–ಮೂರು ಗಂಟೆಗೊಮ್ಮೆ ಅರ್ಧ ಬಟ್ಟಲಿನಂತೆ ಗಂಜಿ, ಹೆಸರುಬೇಳೆ ತೊವ್ವೆ, ಮಜ್ಜಿಗೆ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಸಾಕು. ಖಾರ, ಕರಿದದ್ದು ಆಮೇಲೆ ನೋಡೋಣ.

3. ಕುಚ್ಚಲಕ್ಕಿ ಯಾಕೆ?

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕರಾವಳಿಯವರ ಅಜ್ಜಿಯಂದಿರು ಗೊತ್ತಿಲ್ಲದೆಯೇ ಮಾಡುತ್ತಿದ್ದ ಉಪಕಾರ ಇದು.

ಒಂದು ಗ್ರಾಂ ಮದ್ಯದಲ್ಲಿ 7 ಕ್ಯಾಲೊರಿ ಇದೆ. ಹೊಟ್ಟೆ ತುಂಬಿದಂತಾಗುತ್ತದೆ, ಆದರೆ ವಿಟಮಿನ್ನೂ ಇಲ್ಲ, ಪ್ರೋಟೀನೂ ಇಲ್ಲ. ಅದರ ಮೇಲೆ, ತಿಂದ ಅನ್ನದಲ್ಲಿರುವ ಬಿ1 ಅನ್ನು ಕರುಳು ಹೀರಿಕೊಳ್ಳಲಿಕ್ಕೂ ಮದ್ಯ ಅಡ್ಡ ಬರುತ್ತದೆ. ನಮ್ಮ ಮೈ ಬಿ1 ಅನ್ನು ಕೂಡಿಡುವುದೇ ಎರಡು–ಮೂರು ವಾರಕ್ಕಾಗುವಷ್ಟು. ಬೇಗ ಖಾಲಿಯಾಗುತ್ತದೆ.

ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದರೆ ಅದು ಕುಚ್ಚಲಕ್ಕಿ. ಬೇಯುವಾಗ ತೌಡಿನಲ್ಲಿರುವ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ಒಂದಿಷ್ಟು ಉಳಿದುಕೊಳ್ಳುತ್ತದೆ. ಬೇಯಿಸದೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅದು ತೌಡಿನ ಜೊತೆಗೇ ಹೋಗಿಬಿಡುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ಡಾಕ್ಟರು, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡು ಕೊಟ್ಟರೆ ಎದ್ದು ನಿಲ್ಲುವುದನ್ನೂ ಗಮನಿಸಿದರು. ಆ ಜಾಡಿನಲ್ಲೇ ಮುಂದೆ ಬಿ1 ಸಿಕ್ಕಿತು. ಅವರಿಗೆ 1929ರಲ್ಲಿ ನೊಬೆಲ್ ಬಂತು.

ಇಷ್ಟು ಮಾಡಿ. ಅಕ್ಕಿಯನ್ನು ಐದಾರು ಸಲ ತಿಕ್ಕಿ ತೊಳೆಯಬೇಡಿ. ಗಂಜಿ ಬಸಿದು ದನಕ್ಕೆ ಹಾಕಬೇಡಿ, ಬಿ1 ನೀರಿನಲ್ಲಿ ಕರಗುತ್ತದೆ, ಆ ತಿಳಿಯಲ್ಲೇ ಅದಿದೆ. ಕಾಳು ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕಬೇಡಿ, ಸೋಡಾ ಬಿ1 ಅನ್ನು ಹಾಳುಮಾಡುತ್ತದೆ. ಊಟ ಮುಗಿದ ಕೂಡಲೇ ಚಹಾ ಬೇಡ.

ಹಾಗಂತ ಗಂಜಿ ಕುಡಿದು ಮಾತ್ರೆ ಬಿಡಬೇಡಿ. ದಿನಕ್ಕೆ ಬೇಕಾದ ಬಿ1 ಸುಮಾರು ಒಂದೂವರೆ ಮಿಲಿಗ್ರಾಂ. ಡಾಕ್ಟರು ಬರೆಯುವ ಮಾತ್ರೆಯಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. ಬರಿದಾದ ಬಾವಿ ತುಂಬಲು ಮಾತ್ರೆ ಬೇಕು. ಮತ್ತೆ ಬತ್ತದಂತೆ ನೋಡಿಕೊಳ್ಳಲಿಕ್ಕೆ ಊಟ.

4. ಆಮೇಲಿನ ದಿನಗಳ ತಟ್ಟೆ

ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ ಏನಾದರೂ ತಿನ್ನಲೇಬೇಕು. ಬರೀ ಚಹಾ ಕುಡಿದು ದೋಣಿಗೋ ತೋಟಕ್ಕೋ ಹೋಗುವ ರೂಢಿ ಬಿಡಿಸಿ. ಮಧ್ಯಾಹ್ನ ಮೀನು ತಿನ್ನುವವರಿಗೆ ಬಂಗುಡೆ, ತಾರ್ಲಿ ಬಹಳ ಒಳ್ಳೆಯದು. ಅಗ್ಗವೂ ಹೌದು, ಪ್ರೋಟೀನ್ ಮತ್ತು ಬಿ12 ಎರಡೂ ಸಿಗುತ್ತವೆ. ಬೆಳಚು (ಚಿಪ್ಪಿನ ಮೀನು) ತಂದರೆ ಚೆನ್ನಾಗಿ ಬೇಯಿಸಿ. ಶಿರಸಿ, ಸಿದ್ದಾಪುರದ ಕಡೆ ಮೀನು ಮುಟ್ಟದ ಮನೆಗಳಲ್ಲಿ ಮೊಳಕೆ ಹೆಸರು, ಹುರುಳಿ, ಮೊಸರು, ಒಂದೆಲಗದ ತಂಬುಳಿ, ನುಗ್ಗೆಸೊಪ್ಪಿನ ಪಲ್ಯ ಇರಲಿ. ಕುಡಿಯುವವರಿಗೆ ಮೆಗ್ನೀಸಿಯಂ ಕೂಡ ಕಡಿಮೆಯಾಗಿರುತ್ತದೆ. ನಾಲ್ಕೆಂಟು ಗೇರುಬೀಜ ಜೇಬಿಗೆ ಹಾಕಿ ಕಳಿಸಿ.

ಸಿಹಿ ಬೇಕು ಅಂತ ಒಂದೇ ಸಮನೆ ಕೇಳುತ್ತಾರೆ. ಮೊದಲ ತಿಂಗಳು ಬೈಯಬೇಡಿ. ಬಾಳೆಹಣ್ಣು, ಖರ್ಜೂರ, ಒಂದು ತುಂಡು ಬೆಲ್ಲ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಕೊಡಿ.

ಲಿವರ್ ಕೆಟ್ಟವರಿಗೆ ಪ್ರೋಟೀನ್ ಕೊಡಬಾರದು ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಹಳೆಯ ಮಾತು. ಈಗ ಅಂಥವರಿಗೂ ಸಾಕಷ್ಟು ಪ್ರೋಟೀನ್ ಬೇಕು, ರಾತ್ರಿ ಮಲಗುವ ಮುನ್ನ ಏನಾದರೂ ತಿಂದು ಮಲಗಬೇಕು ಅಂತಲೇ ಡಾಕ್ಟರುಗಳು ಹೇಳುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಕಡಿಮೆ ಮಾಡಬೇಕು. ಒಣಮೀನು, ಮಿಡಿ ಉಪ್ಪಿನಕಾಯಿ ತಟ್ಟೆಯಿಂದ ದೂರ ಇರಲಿ. ನಮ್ಮವರಿಗೆ ಇದು ಕಷ್ಟ, ಗೊತ್ತು.

5. ಸಂಜೆಯನ್ನು ದಾಟಿಸುವುದು

ಮನಸ್ಸು ಹೆಂಡದ ಕಡೆ ಎಳೆದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಹಸಿವಾಗಿದೆಯಾ? ಸಿಟ್ಟು ಬಂದಿದೆಯಾ? ಒಬ್ಬನೇ ಇದ್ದೇನಾ? ದಣಿದಿದ್ದೇನಾ? ಚಟ ಬಿಟ್ಟವರ ಗುಂಪುಗಳಲ್ಲಿ ಇದನ್ನು ಹೇಳಿಕೊಡುತ್ತಾರೆ. ಹಸಿವಿನಿಂದಲೇ ಶುರುಮಾಡಿ, ಯಾಕೆಂದರೆ ಅದಕ್ಕೆ ಪರಿಹಾರ ಅಡುಗೆಮನೆಯಲ್ಲೇ ಇದೆ. ನಮ್ಮ ಮನೆಯಲ್ಲಿ ಐದು ಗಂಟೆಯ ಆಸರಿ, ಅಂದರೆ ಸಂಜೆಯ ತಿಂಡಿ-ಪಾನೀಯ, ಈಗ ಗಟ್ಟಿ ಆಸರಿ: ಗಂಜಿ, ಅವಲಕ್ಕಿ ಮೊಸರು, ಇಲ್ಲ ದೋಸೆ.

ಹೊಟ್ಟೆ ತುಂಬಿದ ಮೇಲೆ ಕಾಲಿಗೆ ದಾರಿ ಬೇಕು. ಕಾರವಾರದವರಾದರೆ ಟ್ಯಾಗೋರ್ ಕಡಲತೀರದಲ್ಲಿ ಮುಕ್ಕಾಲು ಗಂಟೆ ನಡೆಯಿರಿ. ಅಣ್ಣ ಊರಿನ ಭಜನೆಯಲ್ಲಿ ತಾಳ ಹಿಡಿದ. ಹಳೇ ಬಳಗ ಕೂರುವ ಹೊತ್ತಿಗೆ ಸರಿಯಾಗಿ ಭಜನೆ ಇರುತ್ತಿದ್ದದ್ದೇ ದೊಡ್ಡ ಲಾಭ. ನಿದ್ದೆ ವಾರಗಟ್ಟಲೆ ಸರಿಯಾಗುವುದಿಲ್ಲ, ಹೆದರಬೇಡಿ. ಮಧ್ಯಾಹ್ನ ಮೂರರ ಮೇಲೆ ಚಹಾ, ಕಾಫಿ ಬೇಡ.

6. ಇವು ಬೇಡವೇ ಬೇಡ

ಗೊತ್ತಾಗದಂತೆ ಸಾರಿಗೆ ಬೆರೆಸುವ "ಕುಡಿತ ಬಿಡಿಸುವ ಪುಡಿ" ತರಬೇಡಿ. ಅದರಲ್ಲಿ ಏನಿದೆ ಅಂತ ನಿಮಗೆ ಹೇಗೆ ಗೊತ್ತು? ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ, ಅದರ ಮೇಲೆ ಕುಡಿದಾಗ ವಾಂತಿಯಾಗಿ, ಬಿಪಿ ಕುಸಿದು, ಜೀವಕ್ಕೇ ಕುತ್ತು ಬರಬಹುದು. ಆ ಮಾತ್ರೆ ಕೊಡುವುದಿದ್ದರೆ ಅವರಿಗೆ ತಿಳಿಸಿ, ಡಾಕ್ಟರೇ ಕೊಡಬೇಕು. ಕುಡಿಯುವ ಆಸೆ ತಗ್ಗಿಸುವ ಬೇರೆ ಮಾತ್ರೆಗಳೂ ಇವೆ, ಕೇಳಿ.

ಶಕ್ತಿ ಬರಲಿ ಅಂತ ಅರಿಷ್ಟ, ಆಸವ ಕುಡಿಸುವವರಿದ್ದಾರೆ. ಅವು ಹುದುಗಿಸಿ ಮಾಡುವ ಔಷಧ, ಅವುಗಳಲ್ಲೇ ಮದ್ಯಾಂಶ ಇರುತ್ತದೆ. ಬಾಟಲಿಯ ಮೇಲೆ ಬರೆದಿರುತ್ತದೆ, ಓದಿ ನೋಡಿ. ಕೆಲವು ಕೆಮ್ಮಿನ ಸಿರಪ್ಪುಗಳಲ್ಲೂ ಇದೆ.

ಇನ್ನು ಕವಳ, ಅಂದರೆ ಎಲೆ ಅಡಿಕೆ. ಅಡಿಕೆ ಸೀಮೆಯಲ್ಲಿ ಕೂತು ಇದನ್ನು ಬರೆಯುವುದು ಸುಲಭವಲ್ಲ. ಹೆಂಡ ಬಿಟ್ಟವರು ಕೈಗೆ ಏನಾದರೂ ಬೇಕು ಅಂತ ಕವಳಕ್ಕೋ ಗುಟಖಾಕ್ಕೋ ಇಳಿಯುತ್ತಾರೆ. ತಂಬಾಕು ಇಲ್ಲದ ಕವಳವೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಕೈಗೆ ಗೇರುಬೀಜ ಕೊಡಿ, ಕವಳದ ಸಂಚಿ ಬೇಡ.

7. ಎಚ್ಚರದ ದಿನಗಳು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಬೋಟುಗಳು ದಡದಲ್ಲಿರುತ್ತವೆ. ಕೈಗೆ ಕೆಲಸವಿಲ್ಲ, ಹೊರಗೆ ಮಳೆ. ಆ ದಿನಗಳಿಗೆ ಮೇ ತಿಂಗಳಲ್ಲೇ ಏನು ಕೆಲಸ ಅಂತ ಗೊತ್ತುಮಾಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿ ಜಾತ್ರೆ, ಮದುವೆಯ ಹಿಂದಿನ ರಾತ್ರಿ, ಮಾಜಾಳಿ ದಾಟಿ ಗೋವಾಕ್ಕೆ ಹೋಗುವ ಬಾಡಿಗೆ ಗಾಡಿ, ಇವಕ್ಕೆಲ್ಲ ಹೊಟ್ಟೆ ತುಂಬಿಸಿಕೊಂಡೇ ಹೋಗಬೇಕು. ಜೊತೆಗೆ ಕುಡಿಯದವರೊಬ್ಬರು ಇರಬೇಕು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆಗಳಿಗೆ ಬೆಳಕು ಬಂದಿದೆ. ಫಿಟ್ಸ್ ಬಂದ ಚರಿತ್ರೆ ಇದ್ದರೆ ಸೇರುವಾಗಲೇ ಹೇಳಿ. ಎಂಟು ದಿನ ಮುಗಿದ ಮೇಲೆ ಶಿಬಿರ ಮುಗಿಸಿದವರ ಗುಂಪಾದ ನವಜೀವನ ಸಮಿತಿಯ ಸಭೆ ತಪ್ಪಿಸಬೇಡಿ.

8. ಮತ್ತೆ ಕುಡಿದು ಬಂದರೆ

ಬರಬಹುದು. ಅಣ್ಣನೂ ಬಂದಿದ್ದ, ನಾಲ್ಕನೆಯ ತಿಂಗಳಲ್ಲಿ. ಆಯಿ ಅಳುತ್ತಾ ಒಳಗೆ ಹೋದರು. ಅತ್ತಿಗೆ ಬಡಿಸಿದರು, ಮಾತಾಡಲಿಲ್ಲ. ಆ ರಾತ್ರಿ ಜಗಳ ಬೇಡ, ಆಣೆ ಹಾಕಿಸುವುದೂ ಬೇಡ. ಎಚ್ಚರವಿದ್ದರೆ, ವಾಂತಿ ಇಲ್ಲದಿದ್ದರೆ ಊಟ ಹಾಕಿ, ಒಂದು ಮಗ್ಗುಲಿಗೆ ಮಲಗಿಸಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ 108ಕ್ಕೆ ಫೋನ್ ಮಾಡಿ. ಬೆಳಿಗ್ಗೆ ತಿಂಡಿ ಕೊಟ್ಟು, ಎಷ್ಟು ದಿನದಿಂದ ಕುಡಿದದ್ದು ಅಂತ ಕೇಳಿ ಬರೆದುಕೊಳ್ಳಿ. ಆ ಚೀಟಿ ಹಿಡಿದು ಅದೇ ಡಾಕ್ಟರ ಹತ್ತಿರ ಹೋಗಿ. ಸಂಜೆ ಐದಕ್ಕೆ ಒಲೆ ಮೇಲೆ ಗಂಜಿ ಇರಲಿ.