ಐದು ನಿಮಿಷದ ರೇಸು: ಹಳೇ ಆರ್ಕೇಡ್ ಗೇಮುಗಳನ್ನು ಮನೆಯಲ್ಲಿ ಮತ್ತೆ ಓಡಿಸೋದು ಹೇಗೆ

ಬಳ್ಳಾರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಚಪ್ಪಲಿಯೇ ಸುಡುತ್ತದೆ. ಹೋದ ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬಂದಿದ್ದರು. ಗೆಳೆಯನ ಹತ್ತಿರ ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಯಂತ್ರ ಕೇಳಿ ತಂದು, ಟಿವಿಗೆ ಸಿಕ್ಕಿಸಿ, ಔಟ್‌ರನ್ ಅನ್ನೋ ಹಳೇ ಕಾರ್ ರೇಸಿನ ಗೇಮು ಹಾಕಿದೆ. ದೊಡ್ಡವನು ಒಂದು ನಿಮಿಷ ನೋಡಿ, "ಮಾಮಾ, ಇದರಲ್ಲಿ ಕಾರ್ ಅಪ್‌ಗ್ರೇಡ್ ಎಲ್ಲಿದೆ?" ಅಂದ. ಇಲ್ಲಪ್ಪ, ಇರೋದೊಂದೇ ಕಾರು ಅಂದೆ. ಮುಖ ಸಪ್ಪೆಯಾಯಿತು. ರಾತ್ರಿ ಒಂಬತ್ತಕ್ಕೆ ಅದೇ ಹುಡುಗ ತಮ್ಮನ ಕೈಯಿಂದ ಕಂಟ್ರೋಲರ್ ಕಿತ್ತುಕೊಳ್ಳುತ್ತಿದ್ದ.

ಕಾರಣ ಸರಳ. ಈ ಆರ್ಕೇಡ್ ಗೇಮುಗಳನ್ನು ಅಂಗಡಿಯ ಮಷಿನ್ನಿಗೆ ನಾಣ್ಯ ಹಾಕಿ ನಿಂತು ಆಡುವವರಿಗಾಗಿ ಮಾಡಿದ್ದು. ಮೊದಲ ಐದು ಸೆಕೆಂಡಿನಲ್ಲೇ ಮಜಾ ಬರಬೇಕು, ಕೆಲವೇ ನಿಮಿಷದಲ್ಲಿ ಆಟ ಮುಗಿಯಬೇಕು, ಸೋತವನಿಗೆ ಇನ್ನೊಂದು ಸಲ ಅನ್ನಿಸಬೇಕು. ಮೊಬೈಲ್ ಗೇಮುಗಳ ಜಾಹೀರಾತು, ದಿನದ ಬಹುಮಾನ, ಪೆಟ್ರೋಲ್ ತುಂಬಲು ಎರಡು ಗಂಟೆ ಕಾಯುವ ಕಾಟ ಯಾವುದೂ ಇಲ್ಲ. ಹಾಗಾಗಿ ಯಾವ ಗೇಮಿಂದ ಶುರು ಮಾಡಬೇಕು ಅಂತ ಕೇಳಿದರೆ ಔಟ್‌ರನ್ ಅಂತಲೇ ಹೇಳುತ್ತೇನೆ.

ಜಪಾನಿನ ಸೆಗಾ ಕಂಪನಿ ಇದನ್ನು 1986ರಲ್ಲಿ ತಂದಿತು, ಮಾಡಿದ್ದು ಯು ಸುಜುಕಿ. ಎದುರಾಳಿ ಅಂದರೆ ಗಡಿಯಾರ ಮಾತ್ರ, ಉಳಿದ ಗಾಡಿಗಳೆಲ್ಲ ದಾರಿಗೆ ಅಡ್ಡ ಬರೋದಕ್ಕೆ ಇರೋದು. ಪ್ರತಿ ಹಂತದ ಕೊನೆಗೆ ರಸ್ತೆ ಎರಡಾಗಿ ಒಡೆಯುತ್ತದೆ, ಒಟ್ಟು 15 ಹಂತ, ಒಂದು ಆಟದಲ್ಲಿ ನೀವು ನೋಡೋದು 5 ಮಾತ್ರ. ಹೊಸಬರಿಗೆ ಒಂದು ಗುಟ್ಟು: ಎಡಕ್ಕೆ ಹೋದರೆ ಸುಲಭ, ಬಲಕ್ಕೆ ಹೋದರೆ ಕಷ್ಟ. ಮೊದಲ ವಾರ ಎಡಕ್ಕೇ ಹೋಗಿ, ನಾಚಿಕೆ ಬೇಡ. ಗೇರು ಎರಡೇ. ಸಣ್ಣ ಗೇರಲ್ಲಿ ಹೊರಟು ವೇಗ ಬಂದ ಮೇಲೆ ದೊಡ್ಡದಕ್ಕೆ ಹಾಕಿ. ರಸ್ತೆ ಬಿಟ್ಟು ಮರಳಿಗೆ ಇಳಿದಾಗ ಗೇರನ್ನು ಸರಕ್ಕನೆ ಕೆಳಗೆ ಹಾಕಿ ಮತ್ತೆ ಮೇಲೆ ಹಾಕಿದರೆ ಕಾರಿನ ವೇಗ ಬೀಳುವುದಿಲ್ಲ, ಇದು ಹಳೇ ಆಟಗಾರರ ಕೈಚಳಕ. ಆಮೇಲೆ, ಹೊರಡುವ ಮೊದಲು ರೇಡಿಯೋದಲ್ಲಿ ಮೂರರಲ್ಲಿ ಒಂದು ಹಾಡು ಆರಿಸಬೇಕು. ಅದಕ್ಕೂ ಜಗಳ ಆಗುತ್ತದೆ, ಸರದಿ ಹಚ್ಚಿಬಿಡಿ.

ಇಷ್ಟು ಒಳ್ಳೇ ಗೇಮು ಎಲ್ಲ ಕಡೆ ಯಾಕೆ ಸಿಗುವುದಿಲ್ಲ ಅಂದರೆ, ಕಾರಿನ ಲೈಸೆನ್ಸ್, ಅಂದರೆ ಅದರ ಚಹರೆ ಬಳಸಲು ಕಾರು ಕಂಪನಿಯ ಅನುಮತಿ. ಮೂಲದಲ್ಲಿ ಇದ್ದದ್ದು ಫೆರಾರಿ ಟೆಸ್ಟರೋಸಾ. 2009ರಲ್ಲಿ ಬಂದ ಔಟ್‌ರನ್ ಆನ್‌ಲೈನ್ ಆರ್ಕೇಡ್ ಕೂಡ ಫೆರಾರಿ ಒಪ್ಪಂದ ಮುಗಿದ ಮೇಲೆ ಅಂಗಡಿಯಿಂದಲೇ ಮಾಯವಾಯಿತು. ಸ್ವಿಚ್‌ನ ಸೆಗಾ ಏಜಸ್ (ಸೆಗಾದ ಹಳೇ ಗೇಮುಗಳನ್ನು ಮತ್ತೆ ತಂದ ಸರಣಿ) ಆವೃತ್ತಿಯಲ್ಲಿ ಕಾರಿನ ಚಹರೆ ಸ್ವಲ್ಪ ಬದಲಾಯಿಸಿದ್ದಾರೆ. ಆಡುವಾಗ ಗೊತ್ತೇ ಆಗುವುದಿಲ್ಲ.

ಲ್ಯಾಪ್‌ಟಾಪ್ ಮಾತ್ರ ಇರುವವರು ಏನು ಮಾಡಬೇಕು? ಪುಕ್ಕಟೆಯಾಗಿ, ಯಾವ ತಕರಾರೂ ಇಲ್ಲದೆ ಶುರು ಮಾಡಬೇಕಾದರೆ ಡೆತ್ ರ‍್ಯಾಲಿ ಹಾಕಿ. ರೆಮಿಡಿ ಕಂಪನಿಯ ಮೊದಲ ಗೇಮು, 1996ರದ್ದು. ವಿಂಡೋಸ್‌ನಲ್ಲಿ ಓಡುವಂತೆ ಮಾಡಿ 2009ರಲ್ಲಿ ಅವರೇ ಉಚಿತವಾಗಿ ಬಿಟ್ಟರು. ಮೇಲಿನಿಂದ ನೋಡುವ ರೇಸು, ಗುಂಡು ಹಾರಿಸುವುದೂ ಇದೆ, ತೀರಾ ಚಿಕ್ಕವರಿಗೆ ಬೇಡ. ಇನ್ನು ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ ಗೇಮಿನ ಸಿಡಿ ಬೀರುವಿನಲ್ಲಿ ಬಿದ್ದಿದ್ದರೆ, ಅದನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕಾರು ಹುಚ್ಚು ಹಿಡಿದಂತೆ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ನಿಧಾನ ಮಾಡಿ, ತೆವಳಿದರೆ ಕಂಟ್ರೋಲ್ ಜೊತೆ ಎಫ್12. ಹೀಗೆ ಆಡಲು ಹೇಳಿ ಮಾಡಿಸಿದ್ದು 1990ರ ಸ್ಟಂಟ್ಸ್, ಅದರಲ್ಲಿ ಟ್ರ್ಯಾಕನ್ನು ನಾವೇ ಕಟ್ಟಬಹುದು.

ಮೇಮ್ ಅನ್ನೋದು ಆರ್ಕೇಡ್ ಮಷಿನ್ನನ್ನೇ ಕಂಪ್ಯೂಟರಿನಲ್ಲಿ ನಕಲು ಮಾಡುವ ಸಾಫ್ಟ್‌ವೇರ್, 1997ರಿಂದ ಇದೆ, ಉಚಿತ. ಆದರೆ ಗೇಮಿನ ರೋಮ್ (ROM) ಫೈಲ್, ಅಂದರೆ ಮಷಿನ್ನಿನ ಚಿಪ್ಪಿನಲ್ಲಿದ್ದ ಗೇಮಿನ ನಕಲು, ಕಂಪನಿಯ ಸ್ವತ್ತು, ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವುದು ಕಾನೂನಿಗೆ ಸರಿ ಅಲ್ಲ. ಹಕ್ಕಿನಿಂದ ನಿಮ್ಮ ಹತ್ತಿರ ಇದ್ದರೆ ಜಿಪ್ ಫೈಲನ್ನು ಬಿಚ್ಚದೆ ಹಾಗೇ ಮೇಮ್‌ನ ರೋಮ್ಸ್ (roms) ಫೋಲ್ಡರಿಗೆ ಹಾಕಿ. 5 ಒತ್ತಿದರೆ ನಾಣ್ಯ ಬೀಳುತ್ತದೆ, 1 ಒತ್ತಿದರೆ ಆಟ ಶುರು, ಟ್ಯಾಬ್ ಒತ್ತಿದರೆ ಮೆನು. ಸ್ಟಿಯರಿಂಗ್ ಜಾಸ್ತಿ ತಿರುಗುತ್ತಿದ್ದರೆ ಅದೇ ಮೆನುವಿನಲ್ಲಿ ಅನಲಾಗ್ ಕಂಟ್ರೋಲಿಗೆ ಹೋಗಿ ಸೆನ್ಸಿಟಿವಿಟಿ ಇಳಿಸಿ. ಎಷ್ಟೋ ಜನ ಇದನ್ನು ಮಾಡದೆ, ಗೇಮೇ ಸರಿ ಇಲ್ಲ ಅಂತ ಬಯ್ಯುತ್ತಾರೆ.

ಈಗ ಎಲ್ಲರೂ ಮರೆಯುವ ವಿಷಯ. ಟಿವಿ ರಿಮೋಟಿನಲ್ಲಿ ಗೇಮ್ ಮೋಡ್ ಹುಡುಕಿ ಆನ್ ಮಾಡಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ಚಂದ ಮಾಡುತ್ತಾ ಕೂತು ತಡ ಮಾಡುತ್ತದೆ, ನೀವು ತಿರುಗಿಸಿದ ಮೇಲೆ ಕಾರು ತಿರುಗುತ್ತದೆ. ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ, ಹಳೇ ಪರದೆಯ ಅಗಲ-ಎತ್ತರದ ಅಳತೆ 4:3, ಪಕ್ಕದಲ್ಲಿ ಕಪ್ಪು ಪಟ್ಟಿ ಇರಲಿ. ಅಗ್ಗದ ಕೀಬೋರ್ಡಿನಲ್ಲಿ ಇಬ್ಬರು ಆಡಬೇಡಿ, ಒಟ್ಟಿಗೆ ಮೂರು ನಾಲ್ಕು ಕೀ ಒತ್ತಿದರೆ ಒಂದೆರಡು ನುಂಗಿಬಿಡುತ್ತದೆ. ಒಂದು ಯುಎಸ್‌ಬಿ ಗೇಮ್‌ಪ್ಯಾಡ್ ತನ್ನಿ.

ನಮ್ಮೂರಿನ ಬಿಸಿಲು, ಧೂಳು ಬೇರೆ. ಲ್ಯಾಪ್‌ಟಾಪ್ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಹಿಂಭಾಗಕ್ಕೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ, ಹಾಸಿಗೆ ಮೇಲಂತೂ ಇಡಲೇಬೇಡಿ. ನಾನು ವರ್ಷಗಳ ನಂತರ ಫ್ಯಾನ್ ಬಿಚ್ಚಿದಾಗ ಒಳಗೆ ಕೆಂಪು ಧೂಳು ಕಂಬಳಿ ಹೊದ್ದಂತೆ ಕೂತಿತ್ತು.

ಆಮೇಲಿನ ಮೆಟ್ಟಿಲು ಸೆಗಾ ರ‍್ಯಾಲಿ. ಡಾಂಬರು, ಮಣ್ಣು, ಕೆಸರು, ಒಂದೊಂದರ ಮೇಲೆ ಕಾರು ಒಂದೊಂದು ಥರ ಜಾರುತ್ತದೆ. ಸಂಡೂರು ಕಡೆ ಅದಿರು ಲಾರಿ ಹಿಂದೆ ಬೈಕ್ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಿರುವಿಗೆ ಮೊದಲೇ ಬ್ರೇಕ್ ತಟ್ಟಿ, ಮೂತಿ ಒಳಗೆ ತಿರುಗಿದ ಮೇಲೆ ಗ್ಯಾಸ್ ಕೊಡಿ. ಸೆಗಾದ್ದೇ ಇನ್ನೊಂದು ಕಾರ್ ರೇಸು ಡೇಟೋನಾ ಯುಎಸ್ಎಯಲ್ಲಿ ಮಷಿನ್‌ಗಳನ್ನು ಜೋಡಿಸಿ ಎಂಟು ಜನ ಒಟ್ಟಿಗೆ ಆಡಬಹುದಿತ್ತು. ನನ್ನನ್ನು ಕೇಳಿದರೆ ಮೊದಲು ಮರಳಿ ಬರಬೇಕಾದದ್ದು ಆ ಎಂಟು ಜನರ ಗಲಾಟೆ. ಇವೆರಡನ್ನೂ ಹಳೇ ಲ್ಯಾಪ್‌ಟಾಪಿನಲ್ಲಿ ಮೇಮ್ ಮೂಲಕ ಓಡಿಸಲು ಹೋಗಬೇಡಿ, 3ಡಿ ಅದಕ್ಕೆ ಭಾರ. ಡೇಟೋನಾ 2011ರಲ್ಲಿ ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3ಕ್ಕೆ ಬಂದಿದೆ, ಅದನ್ನು ಹುಡುಕಿ.

ರೋಡ್ ರ‍್ಯಾಶ್ ಎಲ್ಲಿ, ಬೈಕ್ ಓಡಿಸುತ್ತಾ ಪಕ್ಕದವರನ್ನು ಒದ್ದು ಚೈನಿನಿಂದ ಹೊಡೆಯುವ ಆ ಗೇಮು, ಅಂತ ನೀವು ಕೇಳೇ ಕೇಳುತ್ತೀರಿ. ಅದು ನಾಣ್ಯದ ಮಷಿನ್ನಿನಿಂದ ಬಂದದ್ದಲ್ಲ, 1991ರಲ್ಲಿ ಮನೆಯ ಕನ್ಸೋಲಿಗೆ ಬಂದದ್ದು, ನಾವು ಆಡಿದ್ದು ಆಮೇಲಿನ ಕಂಪ್ಯೂಟರ್ ಆವೃತ್ತಿ. ಅದೇ ಜಾಡಿನಲ್ಲಿ 2017ರಲ್ಲಿ ರೋಡ್ ರಿಡೆಂಪ್ಷನ್ ಬಂದಿದೆ, ಒದೆತ ಚೆನ್ನಾಗಿದೆ, ಆದರೆ ನನಗೆ ಆ ಹಳೇ ಚೈನಿನ ರುಚಿ ಸಿಗಲಿಲ್ಲ.

ಕೊನೆಗೆ ಪಂದ್ಯ ಇಡೋದು. ಒಬ್ಬರಿಗೆ ಒಂದು ಸರದಿ, ಸೋತವರು ಒಗ್ಗಾಣಿ ಮಿರ್ಚಿ ತರಬೇಕು, ಎಣ್ಣೆ ಕೈಯಲ್ಲಿ ಕಂಟ್ರೋಲರ್ ಮುಟ್ಟಬಾರದು. ಸ್ಕೋರನ್ನು ಗೇಮಿಗೆ ಬಿಡಬೇಡಿ, ಕರೆಂಟ್ ಹೋದರೆ ಕಥೆ ಮುಗಿಯಿತು, ಗೋಡೆ ಕ್ಯಾಲೆಂಡರಿನ ಮೇಲೆ ಬರೆಯಿರಿ. ನಮ್ಮ ಮನೆಯ ಮೇ ತಿಂಗಳ ಹಾಳೆಯಲ್ಲಿ ಹಾಲಿನ ಲೆಕ್ಕದ ಪಕ್ಕ ಸಣ್ಣವನ ದಾಖಲೆ ಈಗಲೂ ಇದೆ. ದೊಡ್ಡವನು ಅದನ್ನು ಒಪ್ಪಿಲ್ಲ.