ಕಾರವಾರದ ಕಡಲಿಂದ ಕಾಕಾನ ಹೊಲದವರೆಗೆ

ಬಾಗಲಕೋಟೆಯ ಹಿನ್ನೀರಿನ ಹಳ್ಳಿಗಳಲ್ಲಿ ಎರಡು ಅಂಕಿ ಎಲ್ಲರ ಬಾಯಲ್ಲೂ ಇರುತ್ತವೆ: 519, 524. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು 519.6 ಮೀಟರಿಗೆ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿದ್ದು 524.256ಕ್ಕೆ. ಎರಡೂ ಸಮುದ್ರ ಮಟ್ಟದಿಂದ ಹಿಡಿದ ಲೆಕ್ಕ. ಹೊಲದಲ್ಲಿ ಮನೆ ಕಟ್ಟಬೇಕೆಂದಿದ್ದ ಕಾಕಾ ಒಬ್ಬರು, ಆ ಜಾಗದ ಎತ್ತರ ಎಷ್ಟು ಅಂತ ಅಳೆಸಲು ಸರ್ವೆ ಮಾಡುವ ನನ್ನನ್ನು ಕರೆಸಿದ್ದು ಇದಕ್ಕೇ.

"ತಮ್ಮಾ, ಸಮುದ್ರ ಎಲ್ಲೈತಿ, ನಾವೆಲ್ಲದೀವಿ? ಇಲ್ಲಿ ನಿಂತ ಹೆಂಗ ಅಳೀತಿ?" ಅಂದರು.

"ಸಮುದ್ರ ನಾ ನೋಡಂಗಿಲ್ಲ ಕಾಕಾ. ಹಿಂದಿನವರು ಅದರ ಲೆಕ್ಕಾನ ಇಲ್ಲೀತನಕ ತಂದಿಟ್ಟಾರ" ಅಂದೆ.

ನಿಜವೂ ಅದೇ. ಒಂಬತ್ತು ಬಂದರುಗಳಲ್ಲಿ ಉಬ್ಬರ ಇಳಿತವನ್ನು ವರ್ಷಗಟ್ಟಲೆ ಅಳೆದು ಸರಾಸರಿ ತೆಗೆದರು. ನಮ್ಮ ಕಾರವಾರವೂ ಅದರಲ್ಲಿ ಒಂದು. ಅಲ್ಲಿಂದ ಸರ್ವೆ ಆಫ್ ಇಂಡಿಯಾದವರು ಘಟ್ಟ ಹತ್ತಿ, ಬಯಲು ದಾಟಿ, ದೇಶದ ತುಂಬ ಬೆಂಚ್ ಮಾರ್ಕ್ ಕಲ್ಲುಗಳನ್ನು, ಅಂದರೆ ಎತ್ತರ ಗೊತ್ತಿರುವ ಗುರುತಿನ ಕಲ್ಲುಗಳನ್ನು, ಕೆತ್ತಿಸುತ್ತಾ ಹೋದರು. 1909ಕ್ಕೆ ಆ ಜಾಲ ಒಂದು ಹಂತಕ್ಕೆ ಬಂತು. ನಾನು ಮಾಡುವುದು ಕೊನೆಯ ನಾಲ್ಕೈದು ಕಿಲೋಮೀಟರಿನ ಕೆಲಸ ಅಷ್ಟೇ.

ಮೊಬೈಲ್ ನೋಡಿ ಹೇಳಬಾರದಾ ಅಂತ ಕಾಕಾನ ಮಗ ಕೇಳಿದ. ಜಿಪಿಎಸ್ ಅಳೆಯುವುದು ಗಣಿತದಲ್ಲಿ ಕಲ್ಪಿಸಿಕೊಂಡ ನುಣುಪು ಭೂಮಿಯಿಂದ. ನಮ್ಮ ಕಡೆ ಅದಕ್ಕೂ ಸಮುದ್ರ ಮಟ್ಟಕ್ಕೂ ಹತ್ತಾರು ಮೀಟರ್ ವ್ಯತ್ಯಾಸ. ಅದನ್ನು ಸರಿಪಡಿಸಿದರೂ ಫೋನು ಕೆಲವು ಮೀಟರ್ ತಪ್ಪುತ್ತದೆ. ನಮಗೆ ಬೇಕಿದ್ದದ್ದು ಸೆಂಟಿಮೀಟರ್.

ಸೇತುವೆಯ ಬೆಂಚ್ ಮಾರ್ಕಿನಿಂದ ಹೊಲಕ್ಕೆ ನಾಲ್ಕೂವರೆ ಕಿಲೋಮೀಟರ್. ಆಟೋ ಲೆವೆಲ್ ಅನ್ನುವ ಮಟ್ಟ ನೋಡುವ ಯಂತ್ರ ನಿಲ್ಲಿಸಿ ಹಿಂದಿನ ಸ್ಟಾಫ್ (ಅಂಕಿ ಬರೆದ ಅಳತೆ ಕೋಲು) ಓದುವುದು, ಮುಂದಿನದನ್ನು ಓದುವುದು, ಯಂತ್ರ ಎತ್ತಿಕೊಂಡು ಮುಂದೆ ಹೋಗುವುದು. ಎರಡೂ ಕಡೆ ಐವತ್ತೈವತ್ತು ಮೀಟರ್ ಸಮ ಇಡಬೇಕು. ಆಗ ಭೂಮಿಯ ಡೊಂಕೂ ಯಂತ್ರದ ಸಣ್ಣ ದೋಷವೂ ಒಂದನ್ನೊಂದು ಹೊಡೆದುಹಾಕುತ್ತವೆ. ಮಧ್ಯಾಹ್ನ ಎರೆ ಹೊಲದ ಮೇಲೆ ಗಾಳಿ ಕುದಿಯುತ್ತದೆ, ಸ್ಟಾಫಿನ ಗೆರೆ ಕುಣಿಯುತ್ತದೆ. ಹಾಗಾಗಿ ಬೆಳಿಗ್ಗೆಯೇ ಶುರು ಮಾಡಿದ್ದೆ.

ಹೋಗಿ ತಿರುಗಿ ಅದೇ ಕಲ್ಲಿಗೆ ಬಂದರೆ ಅದೇ ಅಂಕಿ ಸಿಗಬೇಕು, ಅಲ್ವಾ? ಒಂಬತ್ತು ಕಿಲೋಮೀಟರಿಗೆ 36 ಮಿಲಿಮೀಟರ್ ತನಕ ಹೆಚ್ಚುಕಡಿಮೆ ಒಪ್ಪುತ್ತೇವೆ. ಕಿಲೋಮೀಟರಿನಲ್ಲಿ ಹಿಡಿದ ದೂರದ ವರ್ಗಮೂಲವನ್ನು 12ರಿಂದ ಗುಣಿಸಿದ ಲೆಕ್ಕ ಅದು. ನನಗೆ ಬಂದದ್ದು 112, ಅದೂ ಮೇಲಕ್ಕೆ.

ರಾತ್ರಿ ಪುಸ್ತಕ ಹಿಡಿದು ಕೂತೆ. ಕೂಡಿಸಿ ಕಳೆದದ್ದೆಲ್ಲ ಸರಿಯಿತ್ತು. ಆಮೇಲೆ ಹೊಳೆಯಿತು. ಹಿಂದಿನ ದಿನ ಮಳೆಯಾಗಿತ್ತು. ಸ್ಟಾಫನ್ನು ನೇರವಾಗಿ ಎರೆ ಮಣ್ಣಿನ ಮೇಲೆ ನಿಲ್ಲಿಸಿದ್ದೆವು. ನಾನು ಯಂತ್ರ ದಾಟಿಸುವಷ್ಟರಲ್ಲಿ ಅದು ಸರಾಸರಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತಿತ್ತು. ಇಳಿದಷ್ಟೂ, ಯಂತ್ರ ದಾಟಿಸಿದ ಮೇಲೆ ಅದೇ ಸ್ಟಾಫನ್ನು ಹಿಂದಕ್ಕೆ ನೋಡಿ ಓದುವ ಅಂಕಿ ಹೆಚ್ಚು, ಲೆಕ್ಕದಲ್ಲಿ ನೆಲ ಅಷ್ಟು ಎತ್ತರ. ಹೋಗುವಾಗಲೂ ಬರುವಾಗಲೂ ಒಂದೇ ಕಡೆಗೆ ತಪ್ಪು ಬೆಳೆದಿತ್ತು.

ಎರಡು ದಿನ ಬಿಟ್ಟು ಮತ್ತೆ ಹೊರಟೆವು. ಈ ಸಲ ಪ್ರತಿ ತಿರುವಿನಲ್ಲೂ ಚಪ್ಪಟೆ ಕಲ್ಲು ತುಳಿದು ಕೂರಿಸಿ, ಅದರ ಮೇಲೆ ಸ್ಟಾಫ್. ವ್ಯತ್ಯಾಸ 14 ಮಿಲಿಮೀಟರಿಗೆ ಇಳಿಯಿತು.

ಕಾಕಾ ಮನೆಗೆ ಗುರುತು ಹಾಕಿದ್ದ ಜಾಗ 523.9. ಈಗಿನ ನೀರಿಗೆ ಸಿಗುವುದಿಲ್ಲ, 524.256ಕ್ಕೆ ಸಿಗುತ್ತದೆ. ಬಾವಿಯ ಕಟ್ಟೆ ಹತ್ತಿರ 526 ದಾಟಿತ್ತು. ಕಾಕಾ ಅಲ್ಲಿ ಹೋಗಿ ನಿಂತರು, ಹೊಳೆ ಕಡೆ ನೋಡಿದರು.

"ಆ ನಂಬರ ಈ ಕಲ್ಲ ಮ್ಯಾಲ ಬರಿ ತಮ್ಮಾ, ದೊಡ್ಡದಾಗಿ" ಅಂದರು. ಕೆಂಪು ಬಣ್ಣದಲ್ಲಿ ಬರೆದುಕೊಟ್ಟು ಬಂದೆ.